ತುಪ್ಪಕ್ಕೆ ಮೈಲಿಗೆಯಿಲ್ಲ

ಬೆನಕಪ್ಪನ ಮನೆಯ ಹಳೆಯ ಹಸು ಎಂಬತ್ತಮೂರನೆಯ ಇಸವಿಯ ದೀಪಾವಳಿಗೆ ಇನ್ನೂ ಹತ್ತು ದಿನವಿರುವಾಗ ಹೊಟ್ಟೆಯುಬ್ಬರ ಬಂದು ಸತ್ತಿತು. ಅಲ್ಲಿಂದಾಚೆ ಆ ಮನೆಯಲ್ಲಿ ಕಾಫಿಯ ಹೊತ್ತೆಂದರೆ ಜಗಳದ ಹೊತ್ತು. ದಿನಾ ಮನೆಗೆ ಹಾಲು ಹಾಕುವ ವರ್ತನೆಯವನು ಅಳತೆಯ ಪಾವನ್ನು ಕ್ಯಾನಿನೊಳಕ್ಕೆ ಮೊಣಕೈವರೆಗೆ ಇಳಿಸಿ ಎತ್ತುತ್ತಿದ್ದ. ಮೊಣಕೈಯಲ್ಲಿ ಅವನಿಗೆ ಕಜ್ಜಿ. ಸೊಸೆ ಮಲ್ಲಿಕಾಂಬ ಹಾಲು ಸೋಸಿದ ಬಟ್ಟೆಯನ್ನು ಕೊಡವಿದರೆ ದಿನಕ್ಕೊಂದು ನೊಣ ಬೀಳುತ್ತಿತ್ತು. ಅತ್ತೆ ವಿಮಲಮ್ಮ ಲಿಂಗಪೂಜೆಗೆ ಆ ಹಾಲು ಮುಟ್ಟದೆ ಬರೀ ನೀರಿನಲ್ಲಿ ಮುಗಿಸಿ, ಮುಗಿಸಿದ್ದನ್ನು ಮನೆಯವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಅಜ್ಜಂಪುರದಿಂದ ತರೀಕೆರೆಯ ಕಡೆಗೆ ಹೋಗುವ ದಾರಿಯ ಗೌಜಗಲ್ಲು ಎಂಬ ಊರಿನಲ್ಲಿ ಅವರದು ಹಿಂಡಿ, ಬೂಸಾ ಮಾರುವ ಅಂಗಡಿ. ಬೆನಕಪ್ಪ ಪಂಚಾಯಿತಿ ಮೆಂಬರು. ಮಗ ಓಂಕಾರಮೂರ್ತಿ ಅಂಗಡಿಯಲ್ಲಿ ತೂಕ ಮಾಡುತ್ತ ಊರವರ ಹಸುಗಳೆಲ್ಲ ಎಷ್ಟೆಷ್ಟು ಕರೆಯುತ್ತವೆಂದು ಲೆಕ್ಕ ಕೇಳಿ ಕೇಳಿ, ತರೀಕೆರೆಯ ಲಕ್ಷ್ಮಣಪ್ಪನ ಡೈರಿ ಫಾರಮ್ಮಿನ ಜರ್ಸಿಗೆ ಮನಸ್ಸು ಕೊಟ್ಟಿದ್ದ. ಲಕ್ಷ್ಮಣಪ್ಪ ಜಾತಿ ಹಸುಗಳನ್ನು ಬೆಳೆಸಿ ಮಾರುವವನು. ಮಾರುವ ಹಸುವಿನ ಜೊತೆಗೆ ಅದರ ತಾಯಿ, ಅಜ್ಜಿ ಕೊಟ್ಟ ಹಾಲಿನ ವಿವರವನ್ನು ಟೈಪು ಮಾಡಿಸಿ ಕೊಡುತ್ತಿದ್ದ. ಓಂಕಾರಮೂರ್ತಿ ಆ ಕಾಗದವನ್ನು ಮಡಚಿ ಮಡಚಿ ಜೇಬಿನಲ್ಲಿ ಹಣ್ಣು ಮಾಡಿದ್ದ.

"ಒಂದು ಹೊತ್ತಿಗೆ ಐದು ಲೀಟರ್ ಅಪ್ಪಾಜಿ. ಅದರ ತಾಯಿ ಎಂಟು. ಕಾಗದ ಐತೆ."

"ಕಾಗದ ಹಿಂಡಿದ್ರೆ ಹಾಲು ಬತ್ತದೇನೋ?" ಎಂದ ಬೆನಕಪ್ಪ. ಮೂರು ಸಾವಿರ ಎಂಬ ಮಾತು ಕೇಳಿದಂದಿನಿಂದ ಅವನು ಜರ್ಸಿಯ ವೈರಿ.

"ಅದರ ಬೆನ್ನ ಮೇಲೆ ಡುಬ್ಬವೇ ಇಲ್ಲ. ಡುಬ್ಬ ಇಲ್ದಿದ್ದು ಹಸು ಅಲ್ಲ ಕಣೋ, ಹಂದಿ," ಎಂದಳು ವಿಮಲಮ್ಮ. "ಇಂಜೆಕ್ಷನ್ನಿಗೆ ಹುಟ್ಟಿದ್ದು. ಅಪ್ಪ ಯಾರು ಅಂತ ಗೊತ್ತಿಲ್ಲದ್ದನ್ನ ನನ್ನ ಕೊಟ್ಟಿಗೆಗೆ ಕಟ್ತೀಯಾ?"

"ಅಪ್ಪನ ನಂಬರೂ ಐತೆ ಕಣಮ್ಮ."

"ಅಪ್ಪಂಗೆ ನಂಬರು! ಶಿವಶಿವಾ."

ಮಲ್ಲಿಕಾಂಬ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳು. ಅವಳು ಸಖರಾಯಪಟ್ಟಣದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳು. ತಂದೆ ತಾಯಿ ಇಲ್ಲ. ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾಗಿ ಎರಡು ವರ್ಷವಾಗಿತ್ತು. ಬರುವಾಗ ಒಂದು ಟ್ರಂಕು ಬಿಟ್ಟರೆ ಏನನ್ನೂ ತಂದಿರಲಿಲ್ಲ. ಆ ಟ್ರಂಕಿನ ಮಾತು ವಾರಕ್ಕೊಮ್ಮೆಯಾದರೂ ಅಡುಗೆಮನೆಯಲ್ಲಿ ಬರುತ್ತಿತ್ತು.

ಬೋರ್‌ವೆಲ್ಲಿಗೆ ನೀರಿಗೆ ಹೋಗುವ ದಾರಿಯಲ್ಲಿ ಊರಿನ ದೊಡ್ಡಿ ಇತ್ತು. ಹೊಲಕ್ಕೆ ನುಗ್ಗಿದ ದನಗಳನ್ನು ಹೊಡೆದುತಂದು ಕೂಡುವ ಕಲ್ಲುಗೋಡೆಯ ಆವರಣ. ದಂಡ ಕಟ್ಟಿದವರು ಬಿಡಿಸಿಕೊಂಡು ಹೋಗಬೇಕು, ಯಾರೂ ಬಾರದಿದ್ದರೆ ಹರಾಜು. ಕಾವಲಿನ ಲಕ್ಕಣ್ಣ ದನಗಳಿಗೆಂದು ಬಂದ ಹುಲ್ಲನ್ನು ಹೊರೆ ಕಟ್ಟಿ ಮಾರಿಕೊಂಡು, ಅವಕ್ಕೆ ಜೋಳದ ದಂಟಿನ ಬುಡ ಹಾಕುತ್ತಿದ್ದ. ಒಳಗೆ ಕಾಲಿನ ಗಂಟಿನವರೆಗೆ ಸಗಣಿ, ಗಂಜಲದ ಕೆಸರು. ಅದರೊಳಗೆ ಹುಳ. ಎಮ್ಮೆಗಳು ಅದರಲ್ಲೇ ಮಲಗಿದ್ದವು. ಒಂದು ಬೂದು ಬಣ್ಣದ ಹಸು ಮಾತ್ರ ಮೂಲೆಯಲ್ಲಿದ್ದ ಬಂಡೆಯೊಂದರ ಮೇಲೆ ಮುಂಗಾಲೆರಡನ್ನೂ ಇಟ್ಟುಕೊಂಡು ನಿಂತಿರುತ್ತಿತ್ತು. ತುಂಬು ಗಬ್ಬ. ಎಡಗಿವಿ ನಡುವೆ ಸೀಳಿ ಎರಡಾಗಿತ್ತು. ಮಲ್ಲಿಕಾಂಬ ಎಂಟು ದಿನ ನೀರಿಗೆ ಹೋದಳು. ಎಂಟು ದಿನವೂ ಅದು ಹಾಗೆಯೇ ನಿಂತಿತ್ತು. ಕೆಸರಿಗೆ ಇಳಿಯಲಿಲ್ಲ.

ರಾತ್ರಿ ಮುದ್ದೆ ಬಡಿಸುತ್ತ ಹೇಳಿದಳು. "ದೊಡ್ಡೀಲಿ ಒಂದು ಬೂದು ಹಸ ಐತೆ ಮಾವ. ಇನ್ನೊಂದು ತಿಂಗಳಿಗೆ ಈಯ್ತದೆ. ಶುಕ್ರವಾರ ಹರಾಜಂತೆ. ಅದನ್ನೇ ತಂದ್ರೆ ಆಗಲ್ವಾ?"

"ದೊಡ್ಡೀದಾ?" ವಿಮಲಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ವಾರಸುದಾರರು ಇಲ್ಲದ್ದು. ನಿನ್ನಂಗೆ."

"ಹೂಂ ಅತ್ತೆ, ನನ್ನಂಗೇ. ನಾನು ಕೆಲಸ ಮಾಡ್ತಿಲ್ವಾ?"

ಓಂಕಾರಮೂರ್ತಿ ತಟ್ಟೆ ತಳ್ಳಿದ. "ಬೀಡಾಡಿ ದನ ಕಟ್ಕೊಂಡು ಊರ ಮುಂದೆ ಮಾನ ಕಳ್ಕೊಳ್ಳಾಣಂತೆ!"

ಎಲ್ಲರೂ ಬೆನಕಪ್ಪನ ಬಾಯಿ ನೋಡಿದರು. ಅವನು ಮುದ್ದೆ ನುಂಗಿ, ನೀರು ಕುಡಿದು, ಸೊಸೆಯ ಪರ ಮಾತಾಡಿದ. ಎರಡು ವರ್ಷದಲ್ಲಿ ಅದೇ ಮೊದಲು.

"ನಮ್ಮ ಹುರುಳಿ ಹೊಲದಾಗೆ ಬಿದ್ದಿತ್ತು ಅದು. ನಾನೇ ಹೊಡೆಸಿ ಹಾಕಿಸಿದ್ದು. ಮೂಕಪ್ರಾಣಿ, ಗಬ್ಬ ಬೇರೆ. ಆಸರೆ ಕೊಟ್ರೆ ಪುಣ್ಯ ಕಣೇ."

"ಯಾರ ಮನೇದೋ ಏನೋ..."

"ಕೊಂಬು ನೋಡಿದೀಯಾ? ಅಮೃತಮಹಲ್ ಬೆರಕೆ. ಅಜ್ಜಂಪುರದ ಕಡೇದು, ತಪ್ಪಿಸ್ಕೊಂಡು ಬಂದದೆ."

ಅಮೃತಮಹಲ್ ಎಂದ ಕೂಡಲೇ ವಿಮಲಮ್ಮನ ಮುಖ ಸಡಿಲವಾಯಿತು. ಆ ತಳಿ ಹೆಸರಾದದ್ದು ಎತ್ತುಗಳಿಗೇ ಹೊರತು ಹಾಲಿಗಲ್ಲ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಆದರೆ ಹೆಸರು ದೊಡ್ಡದು.

"ಒಂದೇ ತೊಡಕು," ಎಂದ ಬೆನಕಪ್ಪ. "ಮೆಂಬರಾದವನು ಹರಾಜು ಕೂಗಂಗಿಲ್ಲ. ಓಂಕಾರಿ, ನಿನ್ನ ಹೆಸರಿಗೆ ಬರೆಸ್ಲೇನೋ?"

"ನನ್ನ ಹೆಸರು ಅದಕ್ಕೆ ಬ್ಯಾಡ."

"ಹಂಗಾರೆ ನಿನ್ನ ಹೆಸರಿಗೇ ಆಗ್ಲಿ ಕಣಮ್ಮ. ಹೆಂಗೂ ನಿನ್ನ ಯೋಚನೆ ತಾನೆ."

ಹರಾಜಿನ ಹಿಂದಿನ ದಿನ ಊರಾಚೆಯ ದಲಿತರ ಹಟ್ಟಿಯ ದುರ್ಗಪ್ಪ ತಮಟೆ ಬಡಿದು ಊರಲ್ಲಿ ಸಾರಿದ. ಮೇಲಿನ ಕೇರಿ, ಪೇಟೆ ಬೀದಿ, ಕೆರೆ ಬೀದಿ, ಮಠದ ಬೀದಿ. ಹಟ್ಟಿಯಲ್ಲಿ ಸಾರುವ ಪದ್ಧತಿ ಇರಲಿಲ್ಲ. ಸಾರುವವನೇ ಅಲ್ಲಿಯವನು, ಅಲ್ಲಿ ಬೇರೆ ಏಕೆ ಸಾರಬೇಕು ಎಂದು ಹಿಂದೆ ಯಾರೋ ಅಂದದ್ದು ಪದ್ಧತಿಯಾಗಿತ್ತು. ಶುಕ್ರವಾರ ಕೂಗಲು ಬಂದವರು ಇಬ್ಬರೇ, ಒಬ್ಬ ಬೆನಕಪ್ಪನ ಅಂಗಡಿಯ ಗಿರಾಕಿ. ಇನ್ನೂರ ಎಂಬತ್ತು ರೂಪಾಯಿಗೆ ಹಸು ಮನೆಗೆ ಬಂತು. ರಸೀತಿಯಲ್ಲಿ 'ಮಲ್ಲಿಕಾಂಬ ಕೋಂ ಓಂಕಾರಮೂರ್ತಿ' ಎಂದು ಬರೆದಿತ್ತು. ತನ್ನ ಹೆಸರಿನಲ್ಲಿದ್ದ ಎರಡನೆಯ ಕಾಗದ ಅದು. ಅವಳು ಅದನ್ನು ಟ್ರಂಕಿನಲ್ಲಿ ಮಾರ್ಕ್ಸ್ ಕಾರ್ಡಿನ ಕೆಳಗೆ ಇಟ್ಟಳು.

ಹಸುವಿನ ಮೈತುಂಬ ಉಣ್ಣೆಹುಳ. ಮಲ್ಲಿಕಾಂಬ ಮೂರು ದಿನ ಕೂತು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಡಬ್ಬಕ್ಕೆ ಹಾಕಿದಳು. ರಕ್ತ ಕುಡಿದು ಹುರುಳಿಕಾಳಿನಂತೆ ಊದಿದ ಹುಳಗಳು. ಅವಳಿಗೆ ಊಟ ಸೇರಲಿಲ್ಲ. ಹೆಸರನ್ನು ಮಾತ್ರ ವಿಮಲಮ್ಮ ಇಟ್ಟಳು: ಗೌರಿ. ಗೌರಿ ಎಂದು ಎಷ್ಟು ಕೂಗಿದರೂ ಅದು ತಿರುಗಿ ನೋಡಲಿಲ್ಲ.

ಧನುರ್ಮಾಸದ ಮೊದಲ ವಾರ ಹಸು ಈದಿತು. ಹೆಣ್ಣುಗರು. ವಿಮಲಮ್ಮ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಮೊದಲ ಬಟ್ಟಲನ್ನು ಮಠದ ಅಯ್ಯನವರಿಗೆ ಕಳಿಸಿದಳು. ಅವರು ಸೋಮವಾರ ಸೋಮವಾರ ಮನೆಗೆ ಭಿನ್ನದ ಊಟಕ್ಕೆ ಬರುವ ಜಂಗಮರು. ಉಳಿದದ್ದನ್ನು ಬೀದಿಗೆಲ್ಲ ಹಂಚಿದಳು. "ಅಮೃತಮಹಲ್ ಕಣ್ರೀ. ಅನಾಥವಾಗಿ ನಿಂತಿತ್ತು. ನಮ್ಮೋರಿಗೆ ಕರುಳು ತಡೀಲಿಲ್ಲ, ತಂದುಬಿಟ್ರು."

ಹೊತ್ತಿಗೆ ಒಂದೂವರೆ ಸೇರು ಹಾಲು. ವಿಮಲಮ್ಮ ಕರುವಿಗೆ ಒಂದು ಮೊಲೆಯನ್ನೂ ಪೂರಾ ಬಿಡಿಸುತ್ತಿರಲಿಲ್ಲ. "ಸಾಕು, ಎಳಿಯೇ. ಕರು ಹುಲ್ಲು ಕಲೀಲಿ," ಎಂದು ಬಾಗಿಲಲ್ಲಿ ನಿಂತು ಹೇಳುವಳು. ಮೊಸರು, ಬೆಣ್ಣೆ, ತುಪ್ಪ. ಪಿಂಗಾಣಿ ಜಾಡಿಯಲ್ಲಿ ತುಪ್ಪ ಬೆರಳು ಬೆರಳು ಏರುತ್ತ ಹೋಯಿತು, ಕರು ಬಡವಾಗಿ ಇಳಿಯುತ್ತ ಹೋಯಿತು. ಸಂಕ್ರಾಂತಿ ಕಳೆದ ಎರಡನೆಯ ವಾರ ಬೆಳಿಗ್ಗೆ ಅದು ಗೋಡೆಗೊರಗಿ ಸತ್ತಿತ್ತು. ಬಾಯಲ್ಲಿ ಗೋಡೆಯ ಮಣ್ಣಿತ್ತು.

"ಪಾಪ, ಆಯುಸ್ಸು ಇರ್ಲಿಲ್ಲ," ಎಂದಳು ವಿಮಲಮ್ಮ.

ಕರುವಿಲ್ಲದೆ ಹಸು ಸೊರೆ ಬಿಡಲಿಲ್ಲ, ಹಾಲು ಇಳಿಯಲಿಲ್ಲ. ಒದ್ದು ತಂಬಿಗೆ ಉರುಳಿಸಿತು, ಮಲ್ಲಿಕಾಂಬಳ ಮೊಣಕಾಲ ಕೆಳಗೆ ರಕ್ತ ಕಪ್ಪಗೆ ಹೆಪ್ಪುಗಟ್ಟಿತು. ಬೆನಕಪ್ಪ ಹಟ್ಟಿಯ ದುರ್ಗಪ್ಪನಿಗೆ ಹೇಳಿ ಕಳಿಸಿದ. ದುರ್ಗಪ್ಪ ಹಿತ್ತಿಲ ಓಣಿಯಿಂದ ಬಂದು, ಸತ್ತ ಕರುವನ್ನು ಬೇಲಿಯಾಚೆ ಎಳೆದೊಯ್ದು ಸುಲಿದು, ಚರ್ಮದೊಳಗೆ ಹುಲ್ಲು ತುಂಬಿ ಹೊಲಿದು, ನಾಲ್ಕು ಕಡ್ಡಿ ಕಾಲು ಸಿಕ್ಕಿಸಿ ತಂದ. ಕಣ್ಣಿದ್ದ ಜಾಗದಲ್ಲಿ ದಬ್ಬಳದ ಹೊಲಿಗೆ. ಅದನ್ನು ಇಳಿಸಿ ಏಳುವಾಗ ಹಸುವಿನ ಕಿವಿ ಕಂಡಿತು.

"ಅವ್ವಾ, ಈ ಹಸ..."

"ಏನು ದುರ್ಗಪ್ಪ?"

ಅವನು ಮನೆಯ ಕಡೆ ನೋಡಿದ. ಬೆನಕಪ್ಪ ಜಗಲಿಯ ಮೇಲೆ ಕೂತಿದ್ದ. "ಏನಿಲ್ಲ ಕಣವ್ವ. ಒಳ್ಳೆ ಹಸ," ಎಂದು ಕೂಲಿ ಕೇಳದೆ ಹೋದ.

ಅಂದಿನಿಂದ ಎರಡು ಹೊತ್ತೂ ಮಲ್ಲಿಕಾಂಬ ಆ ಹುಲ್ಲಿನ ಕರುವನ್ನು ತಬ್ಬಿ ತಂದು ಹಸುವಿನ ಮುಂದೆ ನಿಲ್ಲಿಸಬೇಕು. ವಿಮಲಮ್ಮ ಅದನ್ನು ಮುಟ್ಟುವಂತಿಲ್ಲ, ಮಡಿ. ಹಸು ಅದರ ಕತ್ತು, ಹೊಲಿಗೆಯ ಕಣ್ಣು ನೆಕ್ಕುತ್ತ ಹಾಲು ಬಿಡುತ್ತಿತ್ತು. ನಾಲ್ಕನೆಯ ದಿನಕ್ಕೆ ಚರ್ಮ ನಾರತೊಡಗಿತು. ಮಲ್ಲಿಕಾಂಬ ಸೀರೆಯ ಸೆರಗನ್ನು ಸೀಗೆಪುಡಿಯಲ್ಲಿ ಎರಡು ಸಲ ಒಗೆದರೂ ನಾತ ಹೋಗಲಿಲ್ಲ. ರಾತ್ರಿ ಓಂಕಾರಮೂರ್ತಿ ಗೋಡೆಯ ಕಡೆ ತಿರುಗಿ ಮಲಗಿದ. "ನಾನು ಬಡ್ಕೊಂಡೆ, ಜರ್ಸಿ ತರಾಣ ಅಂತ."

ಶಿವರಾತ್ರಿಗೆ ವಿಮಲಮ್ಮ ಅದೇ ಹಸುವಿನ ಸಗಣಿಯ ಬೆರಣಿ ಸುಟ್ಟು ವಿಭೂತಿ ಮಾಡಿದಳು. ಬೂದಿ ಸೋಸಿ ಉಂಡೆ ಕಟ್ಟಿ, ಮನೆಗೆ ಹತ್ತು ಇಟ್ಟುಕೊಂಡು ಮಠಕ್ಕೆ ಐವತ್ತು ಕಳಿಸಿದಳು.

ಶಿವರಾತ್ರಿ ಕಳೆದು ಒಂದು ವಾರಕ್ಕೆ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿನಲ್ಲಿ, ಹಿತ್ತಿಲ ತಿಪ್ಪೆಗುಂಡಿಯ ಆಚೆಯಿಂದ ಯಾರೋ ಕೂಗಿದರು.

"ಚೌಡೀ!"

ಹಸು ಹುಲ್ಲಿನ ಕರುವನ್ನು ಕೆಡವಿ, ಹಗ್ಗ ಬಿಗಿಯುವಂತೆ ತಿರುಗಿತು. ಮಲ್ಲಿಕಾಂಬಳ ಕೈಯ ತಂಬಿಗೆ ಉರುಳಿತು. ಬೇಲಿಯ ಹತ್ತಿರ ನಲವತ್ತರ ಹೆಂಗಸೊಬ್ಬಳು ನಿಂತಿದ್ದಳು. ಕೈಕಾಲಿನ ತುಂಬ ಜಿಗಣೆ ಕಚ್ಚಿದ ಕಲೆ.

"ಯಾರೇ ಅದು?" ಎನ್ನುತ್ತ ವಿಮಲಮ್ಮ ಬಂದಳು.

"ನಾನು ಕಣವ್ವಾ, ಹಟ್ಟಿ ಹುಲಿಗೆಮ್ಮ. ಕೆಮ್ಮಣ್ಣುಗುಂಡಿ ಕಡೆ ಕಾಫಿ ಕುಯ್ಯಾಕೆ ಹೋಗಿದ್ದೆ. ಹಸಾನ ನಮ್ಮತ್ತೆ ತಾವ ಬಿಟ್ಟಿದ್ದೆ, ಮುದುಕಿ ಕೈಗೆ ಸಿಗದೆ ಹೊಲಕ್ಕೆ ಬಿದ್ದದೆ. ನಿಮ್ಮನೇಲೈತೆ ಅಂತ ದುರ್ಗಪ್ಪ ಅಂದ."

"ನಿನ್ನ ಹಸ ಅಂತ ಏನೇ ಗುರುತು?"

"ಎಡಗಿವಿ ಸೀಳಿರೋದು ನಾನೇ ಕಣವ್ವ. ಇದಕ್ಕೆ ಮುಂಚೆ ಹುಟ್ಟಿದ ಎರಡು ಕರ ಸತ್ತೋದ್ವು. ಇದಾದ್ರೂ ಉಳೀಲಿ ಅಂತ ಚೌಡಿ ದ್ಯಾವ್ರಿಗೆ ಹರಸ್ಕೊಂಡು ಸೀಳ್ದೆ. ಬಾಲದ ಬುಡದಾಗೆ ಕಪ್ಪು ಮಚ್ಚೆ ಐತೆ, ನೋಡು." ಸೆರಗಿನ ಗಂಟು ಬಿಚ್ಚಿದಳು. "ಹರಾಜಿಗೆ ಕೊಟ್ಟಿದ್ದು ಇನ್ನೂರ ಎಂಬತ್ತಂತೆ. ತಂದಿವ್ನಿ. ಕಾಫಿ ಕುಯ್ದ ದುಡ್ಡು."

ವಿಮಲಮ್ಮ ಬಾಲ ಎತ್ತಿ ನೋಡಲಿಲ್ಲ. ನೋಡಿಯೇ ಇದ್ದಳು, ಮೂರು ತಿಂಗಳಿಂದ. ಅವಳು ಸೊಸೆಯ ಕಡೆ ತಿರುಗಿದಳು. 

"ಗಿಣ್ಣ ಅಯ್ಯನೋರಿಗೆ ಕೊಟ್ವಲ್ಲೇ!"

ಸಂಜೆ ಬೆನಕಪ್ಪ ಜಗಲಿಯಿಂದಲೇ ಹುಲಿಗೆಮ್ಮನಿಗೆ ಲೆಕ್ಕ ಹೇಳಿದ. ಮೂರು ತಿಂಗಳ ಹಿಂಡಿ, ಬೂಸಾ, ಹುಲ್ಲು. ಎಲ್ಲ ಸೇರಿ ಎಂಟುನೂರು ತಂದರೆ ಮಾತಾಡೋಣ.

"ಮೂರು ತಿಂಗಳ ಹಾಲು ಯಾರು ಕುಡಿದ್ರು ಸ್ವಾಮಿ?" ಎಂದಳು ಹುಲಿಗೆಮ್ಮ.

"ನಾಲಿಗೆ ಉದ್ದ ಆಯ್ತು ನಿಂದು. ನಡಿ."

ಒಳಗೆ ವಿಮಲಮ್ಮ ಹಾಲಿನ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಉಜ್ಜಿಸುತ್ತಿದ್ದಳು. ಉಜ್ಜುವವಳು ಮಲ್ಲಿಕಾಂಬ. ಮೊಸರಿನ ಗಡಿಗೆ ತಿಪ್ಪೆಗೆ ಹೋಯಿತು. ವಿಮಲಮ್ಮ ಎರಡು ಸಲ ಸ್ನಾನ ಮಾಡಿ, ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಕೊಂಡಳು. ಬಂದದ್ದು ಮಧ್ಯಾಹ್ನದ ಅವರೆಕಾಳು ಸಾರು ಮಾತ್ರ.

"ಇವತ್ತಿನ ಹಾಲು ಏನು ಮಾಡ್ಲಿ ಅತ್ತೆ? ಚೆಲ್ಲೋದಾ?"

"ಚೆಲ್ತಾರೇನೇ? ಬಸ್‌ಸ್ಟಾಂಡ್ ಹೋಟ್ಲಿಗೆ ಕಳಿಸು. ನಾವು ಕುಡಿಯಂಗಿಲ್ಲ ಅಷ್ಟೆ."

ಮಾರನೆಯ ಬೆಳಿಗ್ಗೆಯಿಂದ ಹಾಲು ಹೋಟೆಲಿಗೆ ಹೋಯಿತು. ಬೆನಕಪ್ಪನ ಮನೆಗೆ ಮತ್ತೆ ಕಜ್ಜಿಯ ಮೊಣಕೈಯ ಹಾಲು ಬಂತು.

ಓಂಕಾರಮೂರ್ತಿ ಈಗ ಗೆದ್ದ ಎತ್ತಿನಂತೆ ಓಡಾಡಿದ. ತರೀಕೆರೆಗೆ ಹೋಗಿ ಬಂದು ಹೇಳಿದ: ಲಕ್ಷ್ಮಣಪ್ಪ ಈ ಹಸುವನ್ನು ತಗೊಂಡು, ಮೇಲೆ ಎರಡು ಸಾವಿರಕ್ಕೆ ಜರ್ಸಿ ಕೊಡುತ್ತಾನೆ. ಗುರುವಾರ ಅವನದೇ ಲಾರಿ ಬರುತ್ತದೆ.

"ಅವನಿಗೆ ಹೇಳಿದ್ಯೇನೋ, ಇದು ಹಟ್ಟೀದು ಅಂತ?" ಎಂದ ಬೆನಕಪ್ಪ.

"ತರೀಕೆರೆ ದಾಟಿದ್ರೆ ಇದರ ಜಾತಿ ಯಾರು ಕೇಳ್ತಾರೆ ಅಪ್ಪಾಜಿ? ಅಮೃತಮಹಲ್ ಅಂತ ಹೇಳಿದೀನಿ."

"ಅದನ್ನ ಹುಲಿಗೆಮ್ಮಂಗೇ ಕೊಟ್ರೆ ಆಗಲ್ವಾ?" ಎಂದಳು ಮಲ್ಲಿಕಾಂಬ. "ದುಡ್ಡು ತಂದಿದ್ಲಲ್ಲ."

"ಕೊಟ್ರೆ ಅವಳದ್ದು ಅಂತ ಒಪ್ಕೊಂಡಂಗೆ ಕಣೇ ಪೆದ್ದಿ," ಎಂದ ಗಂಡ. "ಊರಿಗೆಲ್ಲ ಗಿಣ್ಣ ಹಂಚಿದೀವಿ."

ಸೋಮವಾರ ಅಯ್ಯನವರು ಭಿನ್ನಕ್ಕೆ ಬಂದರು. ಹೋಳಿಗೆ ಮಾಡಿತ್ತು. ವಿಮಲಮ್ಮ ಕಾಲಿಗೆ ಬಿದ್ದು, ಬಿದ್ದಲ್ಲೇ ಎಲ್ಲವನ್ನೂ ಹೇಳಿದಳು. ಅಯ್ಯನವರು ಕಣ್ಣು ಮುಚ್ಚಿ ಕೇಳಿದರು.

"ಹಾಲಿಗೆ ಜಾತಿ ಇಲ್ಲ ತಾಯಿ," ಎಂದರು.

ವಿಮಲಮ್ಮ ಉಸಿರು ಬಿಟ್ಟಳು. ಮಲ್ಲಿಕಾಂಬ ಹಾಲಿನ ಲೋಟ ತಂದಿಟ್ಟಳು. ಅಯ್ಯನವರು ಲೋಟದ ಮೇಲೆ ಅಂಗೈ ಮುಚ್ಚಿದರು. "ಇವತ್ತು ಬ್ಯಾಡ. ನನಗೆ ಹೊಟ್ಟೆ ಸರಿಯಿಲ್ಲ."

"ಇದು ವರ್ತನೆ ಹಾಲು ಅಯ್ಯನೋರೇ, ಅದರದ್ದಲ್ಲ."

"ಓ," ಎಂದು ಅವರು ಅಂಗೈ ತೆಗೆದು ಕುಡಿದರು.

ವಿಮಲಮ್ಮ ಹಿಂದೆಯೇ ಕೇಳಿದಳು. "ತುಪ್ಪ ಏನು ಮಾಡ್ಲಿ ಬುದ್ಧೀ? ಅದರದ್ದೇ."

"ಎಷ್ಟೈತೆ?"

"ಮೂರು ಸೇರು ಮೇಲೇ ಐತೆ."

ಅಯ್ಯನವರು ಎಲೆಯ ಮೇಲಿನ ಹೋಳಿಗೆಯತ್ತ ನೋಡಿದರು. "ತುಪ್ಪ ಬೆಂಕಿ ಕಂಡದ್ದು. ಬೆಂಕಿ ಕಂಡದ್ದಕ್ಕೆ ಮೈಲಿಗೆ ಇಲ್ಲ. ಬಡಿಸು."

ಮಲ್ಲಿಕಾಂಬ ಜಾಡಿ ತಂದು ಹೋಳಿಗೆಯ ಮೇಲೆ ಬಿಟ್ಟಳು. ಬಿಡುತ್ತಲೇ ಕೇಳಿದಳು. "ಹಾಲೂ ಕಾಯಿಸಿದ್ದೇ ಅಲ್ವಾ ಅಯ್ಯನೋರೇ? ಅದೂ ಬೆಂಕಿ ಕಂಡಿತ್ತು."

"ಸುಮ್ಕಿರೇ," ಎಂದಳು ವಿಮಲಮ್ಮ.

"ಅಲ್ಲ, ತಿಳ್ಕೊಳ್ಳಾಣ ಅಂತ. ಮಠಕ್ಕೆ ಕಳಿಸಿದ ಐವತ್ತು ಉಂಡೆ ವಿಭೂತೀನೂ ಅದರ ಸಗಣೀದೇ."

ಅಯ್ಯನವರ ಕೈ ಹಣೆಯವರೆಗೆ ಹೋಗಿ ಅಲ್ಲೇ ನಿಂತಿತು. ಹಣೆಯ ತುಂಬ ಮೂರು ಪಟ್ಟೆ, ಬೆಳ್ಳಗೆ. "ಸುಟ್ಟದ್ದಲ್ವಾ," ಎಂದರು ಕೊನೆಗೆ. "ಅದೂ ಬೆಂಕಿ ಕಂಡದ್ದೇ." ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಗದ್ದದ ಮೇಲೆ ತುಪ್ಪ ಇಳಿಯುತ್ತಿತ್ತು.

ಬುಧವಾರ ನೀರಿಗೆ ಹೋದಾಗ ದೊಡ್ಡಿಯ ಗೋಡೆಯ ಮೇಲೆ ಲಕ್ಕಣ್ಣ ಬೀಡಿ ಸೇದುತ್ತ ಕೂತಿದ್ದ.

"ಏನಕ್ಕಾ, ಹುಲಿಗೆಮ್ಮ ಬಂದು ಗಲಾಟೆ ಮಾಡಿದ್ಲಂತೆ?"

"ನಿಂಗೆ ಗೊತ್ತಿತ್ತಾ ಲಕ್ಕಣ್ಣ, ಅದು ಅವಳದ್ದು ಅಂತ?"

"ಗೊತ್ತಿಲ್ದೆ? ಆ ಕಿವಿ ಊರಾಗೆ ಇನ್ಯಾವ ದನಕ್ಕೈತೆ? ಹೊಡ್ಕೊಂಡು ಬಂದ ದಿನವೇ ಮೆಂಬರ್ರಿಗೆ ಹೇಳ್ದೆ, ಬುದ್ಧೀ, ಇದು ಹಟ್ಟಿ ಹುಲಿಗೆಮ್ಮಂದು, ಅವಳು ಘಟ್ಟಕ್ಕೆ ಹೋಗವಳೆ, ಮುದುಕಿಗೆ ಹೇಳಿ ಕಳಿಸ್ಲಾ ಅಂತ. ಬ್ಯಾಡ, ಹರಾಜಿಗೆ ಹಾಕು ಅಂದ್ರು. ನಂಗೇನು?"

ಮಲ್ಲಿಕಾಂಬ ಕೊಡ ಕೆಳಗಿಟ್ಟಳು. ಮಾವ ಮೂರು ತಿಂಗಳು ದಿನಕ್ಕೆರಡು ಲೋಟ ಕುಡಿದಿದ್ದ. ಗಿಣ್ಣನ್ನು ಎರಡು ಸಲ ಹಾಕಿಸಿಕೊಂಡಿದ್ದ. ಮೈಲಿಗೆಯಾಯಿತೆಂದು ಹೆಂಡತಿ ವಾಂತಿ ಮಾಡುವಾಗ ಪಕ್ಕದಲ್ಲಿ ನಿಂತು ಬೆನ್ನು ಸವರಿದ್ದ.  ದೊಡ್ಡಿಯ ಹುಳ ಬಿದ್ದ ಕೆಸರೂ ಅವಳಿಗೆ ಇಷ್ಟು ಹೇಸಿಗೆ ತಂದಿರಲಿಲ್ಲ.

ಸಂಜೆ ಬೆನಕಪ್ಪ ಕೂಗಿದ. "ಅಮ್ಮಾ ಮಲ್ಲೀ, ಆ ರಸೀತಿ ತಗೊಂಡು ಬಾ. ಹಿಂದೆ ಒಂದು ಸೈನು ಹಾಕಿಡು. ಲಕ್ಷ್ಮಣಪ್ಪಂಗೆ ಕಾಗದ ಬೇಕಂತೆ, ಅವನು ಕಾಗದದ ಮನುಷ್ಯ. ಬೆಳಿಗ್ಗೆ ಹತ್ತಕ್ಕೆ ಲಾರಿ."

"ಹಾಕಿಡ್ತೀನಿ ಮಾವ."

ಹಾಕಿದಳು. ಸೈನಿನ ಮೇಲೆ ಎರಡು ಸಾಲನ್ನೂ ಬರೆದಳು.

ಗುರುವಾರ ಬೆಳಿಗ್ಗೆ ಗಂಡಸರು ಅಂಗಡಿಗೆ ಹೋದ ಮೇಲೆ, ಅತ್ತೆ ಪೂಜೆಗೆ ಕೂತಿರುವಾಗ, ಮಲ್ಲಿಕಾಂಬ ಹಸುವಿನ ಹಗ್ಗ ಬಿಚ್ಚಿದಳು. ಕರೆಯುವಾಗ ಬೇಕಲ್ಲ ಎಂದು ಹುಲ್ಲಿನ ಕರುವನ್ನು ಕಂಕುಳಲ್ಲಿ ಇರುಕಿಕೊಂಡಳು. ಹಿತ್ತಿಲ ಓಣಿಯಲ್ಲಿ ಹೋಗಲಿಲ್ಲ, ಪೇಟೆ ಬೀದಿಯಲ್ಲೇ ಹೊರಟಳು. ಕಂಕುಳಲ್ಲಿ ಕಣ್ಣು ಹೊಲಿದ ಕರು, ಹಿಂದೆ ಅದನ್ನು ಮೂಸುತ್ತ ಹಸು. ಮಠದ ಬೀದಿಯ ತಿರುವಿನಲ್ಲಿ ಅವರ ಮನೆಯ ಗಿಣ್ಣು ತಿಂದಿದ್ದ ಈಶ್ವರಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಎಲ್ಲಿಗೇ ಮಲ್ಲೀ, ಅಮೃತಮಹಲ್ ಹೊಡ್ಕೊಂಡು?"

"ಅದರ ಮನೆಗೆ."

ಈಶ್ವರಮ್ಮನ ಪೊರಕೆ ನೆಲದ ಮೇಲೆ ಹಾಗೇ ನಿಂತಿತು.

ಹಟ್ಟಿಯಲ್ಲಿ ಹುಲಿಗೆಮ್ಮ ಗುಡಿಸಲ ಮುಂದೆ ಕೂತು ಕಾಲಿನ ಹುಣ್ಣಿಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ಹಸುವನ್ನು ನೋಡಿ ಎದ್ದಳು. ಹತ್ತಿರ ಬರಲಿಲ್ಲ.

"ಬ್ಯಾಡ ಕಣವ್ವಾ, ವಾಪಸ್ ಹೊಡ್ಕೊಂಡು ಹೋಗು. ಮಧ್ಯಾಹ್ನಕ್ಕೆ ಕದ್ದಳು ಅಂತ ಪೋಲಿಸ್ರು ಬತ್ತಾರೆ."

ಮಲ್ಲಿಕಾಂಬ ರಸೀತಿ ತೆಗೆದು ಓದಿದಳು. "'ಈ ಹಸುವನ್ನು ಹುಲಿಗೆಮ್ಮ ಕೋಂ ಲೇ. ತಿಮ್ಮಯ್ಯ ಇವರಿಗೆ ಇನ್ನೂರ ಎಂಬತ್ತು ರೂಪಾಯಿಗೆ ಮಾರಿರುತ್ತೇನೆ.' ಕೆಳಗೆ ನನ್ನ ಸೈನು. ದುಡ್ಡು ಕೊಡು, ಪುಕ್ಕಟೆ ಕೊಟ್ಟಿಲ್ಲ. ನಿನ್ನ ಗಂಡನ ಹೆಸರು ದುರ್ಗಪ್ಪನ್ನ ಕೇಳಿ ಬರೆದೆ, ಸರಿಯೈತಾ?"

ಹುಲಿಗೆಮ್ಮ ದುಡ್ಡನ್ನು ಎರಡು ಸಲ ಎಣಿಸಿ ಕೊಟ್ಟು, ಕಾಗದ ತಗೊಂಡು ತಿರುಗಿಸಿ ನೋಡಿ ಕುಪ್ಪಸದೊಳಗಿಟ್ಟಳು. ಉಪಕಾರವಾಯಿತು ಎನ್ನಲಿಲ್ಲ.

"ಕರ ಎಲ್ಲಿ?"

ಮಲ್ಲಿಕಾಂಬ ಕಂಕುಳಲ್ಲಿದ್ದದ್ದನ್ನು ನೆಲದ ಮೇಲೆ ನಿಲ್ಲಿಸಿದಳು. ಒಂದು ಕಡ್ಡಿ ಕಾಲು ಮುರಿದಿತ್ತು, ಅದು ಓರೆಯಾಗಿ ನಿಂತಿತು.

"ಇದಿಲ್ದೆ ಸೊರೆ ಬಿಡಲ್ಲ."

ಹುಲಿಗೆಮ್ಮ ಬಗ್ಗಿ ಅದರ ಹೊಲಿದ ಕಣ್ಣು ಮುಟ್ಟಿದಳು. ಆಮೇಲೆ ಕಾಲಿನಿಂದ ಒದ್ದು ತಿಪ್ಪೆಯ ಕಡೆ ಉರುಳಿಸಿದಳು. "ಚೌಡೀ, ಬಾರೇ ನಮ್ಮವ್ವ," ಎಂದು ಹಸುವಿನ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಅದರ ಪಕ್ಕೆಗೆ ಆನಿಸಿ, ಪಕ್ಕದಲ್ಲಿದ್ದ ಕರಟವನ್ನು ಕೆಳಗಿಟ್ಟು, ಮೊಲೆಗೆ ಕೈ ಹಾಕಿದಳು. ಹಸು ಒಮ್ಮೆ ಉಸಿರು ಬಿಟ್ಟಿತು. ಹಾಲು ಕರಟಕ್ಕೆ ಸುರ್ರೆಂದು ಬಿತ್ತು. ಅವಳು ಮಲ್ಲಿಕಾಂಬಳ ಕಡೆ ತಿರುಗಿ ನೋಡಲಿಲ್ಲ. 

ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಲಾರಿ ನಿಂತಿತ್ತು. ಮೇಲೆ ಜರ್ಸಿ, ಡುಬ್ಬವಿಲ್ಲದ್ದು, ಕೊರಳಲ್ಲಿ ನಂಬರಿನ ತಗಡು. ಈಶ್ವರಮ್ಮನಿಂದ ಸುದ್ದಿ ಆಗಲೇ ಮುಟ್ಟಿತ್ತು, ಓಂಕಾರಮೂರ್ತಿ ಕೈಯೆತ್ತಿಕೊಂಡು ಬಂದ.

"ಲೇ, ಯಾರನ್ನ ಕೇಳಿ ಕೊಟ್ಟೆ?"

"ರಸೀತೀಲಿ ಯಾರ ಹೆಸರಿತ್ತು? ನಿಮ್ಮ ಹೆಸರು ಬ್ಯಾಡ ಅಂದ್ರಲ್ಲ."

"ಟ್ರಂಕು ತಗೊಂಡು ನಡಿ ನಿನ್ನ ಸೋದರಮಾವನ ಮನೆಗೆ!" ಎಂದು ಕಿರುಚಿದಳು ವಿಮಲಮ್ಮ. "ಹಟ್ಟಿಗೆ ಹೋಗಿ ಬಂದವಳು ಹೊಸ್ತಿಲು ದಾಟಬ್ಯಾಡ."

ಮಲ್ಲಿಕಾಂಬ ಅವರಿಬ್ಬರಿಗೆ ಉತ್ತರ ಕೊಡದೆ ಮಾವನ ಕೈಗೆ ದುಡ್ಡಿಟ್ಟಳು. "ಇನ್ನೂರ ಎಂಬತ್ತು. ಲಕ್ಕಣ್ಣ ಎಲ್ಲಾ ಹೇಳಿದ ಮಾವ. ನಾನು ಹೋಗ್ತೀನಿ. ಹೋಗೋವಾಗ ತರೀಕೆರೇಲಿ ಇಳಿದು ಅಮಲ್ದಾರ್ರ ಕಚೇರಿಗೂ ಹೋಗ್ಬತ್ತೀನಿ. ಮೆಂಬರು ಸೊಸೆ ಹೆಸರಲ್ಲಿ ಹರಾಜು ಕೂಗಿಸಬೋದಾ ಅಂತ ಕೇಳ್ತೀನಿ. ಆಮೇಲೆ ಅತ್ತೆಗೂ ಒಂದು ಮಾತು ಹೇಳಿಯೇ ಹೋಗ್ತೀನಿ. ಹೇಳ್ಲಾ, ಯಾವತ್ತಿಂದ ಗೊತ್ತಿತ್ತು ಅಂತ?"

ಬೆನಕಪ್ಪ ದುಡ್ಡನ್ನು ನೋಡಿದ, ಸೊಸೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಏನಂತೆ ಅವಳದ್ದು? ಏನು ಗೊತ್ತಿತ್ತಂತೆ?" ಎಂದಳು ವಿಮಲಮ್ಮ.

"ಏನಿಲ್ಲ, ಸುಮ್ನಿರೇ," ಎಂದ ಬೆನಕಪ್ಪ. "ಮಗು ಬುದ್ಧಿ. ಪೀಡೆ ಕಳೀತು ಅನ್ಕೋ. ಅಮ್ಮಾ ಮಲ್ಲೀ, ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಬಾ."

ಲಕ್ಷ್ಮಣಪ್ಪನ ಲಾರಿ ಜರ್ಸಿಯನ್ನು ಹೊತ್ತು ಹಾಗೆಯೇ ವಾಪಸ್ಸು ಹೋಯಿತು. ಬದಲಿ ಹಸುವಿಲ್ಲದೆ ಪೂರಾ ಮೂರು ಸಾವಿರ ಕೊಡಲು ಬೆನಕಪ್ಪ ಒಪ್ಪಲಿಲ್ಲ. ಓಂಕಾರಮೂರ್ತಿ ಜೇಬಿನ ಕಾಗದ ಹರಿದು ಚರಂಡಿಗೆ ಎಸೆದ.

ರಾತ್ರಿ ಊಟಕ್ಕೆ ಕೂತರು. ಹುರುಳಿ ಸಾರು, ಬಿಸಿ ಮುದ್ದೆ.  ಮಲ್ಲಿಕಾಂಬ ಪಿಂಗಾಣಿ ಜಾಡಿ ತಂದು ಮಾವನ ಮುದ್ದೆಯ ಗುಳಿಗೆ ತುಪ್ಪ ಬಿಟ್ಟಳು, ಗಂಡನಿಗೆ ಬಿಟ್ಟಳು, ಅತ್ತೆಗೆ ಬಿಟ್ಟಳು. ವಿಮಲಮ್ಮ ಬೆರಳಲ್ಲಿ ತೋರಿಸಿ ಇನ್ನೊಂದು ಚಮಚ ಹಾಕಿಸಿಕೊಂಡಳು. ಕೊನೆಗೆ ಮಲ್ಲಿಕಾಂಬ ಜಾಡಿಯ ಮುಚ್ಚಳ ಮುಚ್ಚಿ, ತನ್ನ ಮುದ್ದೆಯನ್ನು ಬರೀ ಸಾರಿಗೆ ಅದ್ದಿ ನುಂಗಿದಳು.

"ನೀನ್ಯಾಕೆ ತುಪ್ಪ ಹಾಕ್ಕೊಳ್ಳಲಿಲ್ಲ?" ಎಂದಳು ವಿಮಲಮ್ಮ.

"ಹೇಸಿಗೆ ಆಗ್ತದೆ ಅತ್ತೆ."

ವಿಮಲಮ್ಮ ಗಂಡನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಹುಲಿಗೆಮ್ಮ ಬಂದು ಹೋದ ಮೇಲೆ ಮೊದಲ ಸಲ ಅವಳ ದನಿಯಲ್ಲಿ ಸಮಾಧಾನವಿತ್ತು.

"ಅಂತೂ ಈಗಲಾದ್ರೂ ಮಡಿ ಮೈಲಿಗೆ ಬುದ್ಧಿ ಬಂತಲ್ಲ," ಎಂದು ಬೆರಳು ನೆಕ್ಕಿಕೊಂಡಳು.